ಯಾರೂ ಏನೂ ಕೇಳದ ಊರುಗಳು

ಬೆಂಗಳೂರಿನ ಸಿಂಗಸಂದ್ರ, ಮೇ 2025. ಯುರೋಪಿನ ವೀಸಾ ಅರ್ಜಿ ಕೇಳಿದ್ದು: ಮದುವೆ ಆಗಿದೆಯೇ, ಕೆಲಸ ಏನು, ಯಾಕೆ ಹೋಗುತ್ತೀರಿ, ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದು. ಜೊತೆಗೆ ಬ್ಯಾಂಕಿನ ಲೆಕ್ಕ, ಕಂಪನಿಯ ರಜೆ ಪತ್ರ, ವಾಪಸ್ ಟಿಕೆಟು, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಶುಲ್ಕ 90 ಯೂರೋ, ವೀಸಾ ಕೊಡದಿದ್ದರೂ ಆ ದುಡ್ಡು ಹೋದ ಹಾಗೆಯೇ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ.

ಅರ್ಜಿಯಲ್ಲಿ ನಾನು ಸಿಕ್ಕಿಬಿದ್ದದ್ದು ಮನೆತನದ ಹೆಸರಿನ ಜಾಗದಲ್ಲಿ. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಎಲ್ಲಿಂದ ತರುವುದು? ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾನೆಗೆ ಅಪ್ಪನ ಹೆಸರು ಹಾಕಿ ಕೈತೊಳೆದುಕೊಂಡಿದ್ದೆವು. ಇಲ್ಲೂ ಅದನ್ನೇ ಬರೆದೆ.

ಮೇಲಿನ ಮನೆಯ ಗದಗಿನ ಅಜ್ಜಿ ಮೆಟ್ಟಿಲಲ್ಲಿ ನಿಲ್ಲಿಸಿ, “ಶೇಂಗಾ ವೀಸಾ ಸಿಕ್ತೇನವಾ?” ಅಂದರು. ನಗು ಬಂತು. ಆಮೇಲೆ ನೋಡಿದರೆ ಶೆಂಗೆನ್ ಎಂಬುದು ನಿಜಕ್ಕೂ ಒಂದು ಹಳ್ಳಿ. ಲಕ್ಸೆಂಬರ್ಗ್‌ನಲ್ಲಿ, ಮೊಸೆಲ್ ನದಿಯ ದಡದಲ್ಲಿದೆ. 1985ರ ಜೂನ್ 14ರಂದು ಐದು ದೇಶದವರು ಅಲ್ಲಿ ದೋಣಿಯೊಂದರ ಮೇಲೆ ಕೂತು, ತಮ್ಮತಮ್ಮ ನಡುವಿನ ಗಡಿ ತಪಾಸಣೆ ಬೇಡ ಎಂದು ಸಹಿ ಹಾಕಿದರಂತೆ. ಈಗ 29 ದೇಶಗಳು ಅದರಲ್ಲಿವೆ. ದೊಡ್ಡ ರಾಜಧಾನಿಗಳೆಲ್ಲ ಇರುವಾಗ ಒಂದು ಹಳ್ಳಿಯ ಹೆಸರು ನಿಂತುಹೋಗಿದೆ, ನಮ್ಮಲ್ಲಿ ಗಡಿಯ ಅತ್ತಿಬೆಲೆಯ ಹೆಸರಲ್ಲಿ ವೀಸಾ ಕೊಟ್ಟ ಹಾಗೆ.

ಪ್ಯಾರಿಸ್, ಮೊದಲ ದಿನ. ಹೋಟೆಲಿನ ಹುಡುಗಿ ಕಂಪ್ಯೂಟರ್ ನೋಡಿ, ಅಪ್ಪನ ಹೆಸರಿಗೆ ಮಿಸ್ಟರ್ ಸೇರಿಸಿ ಕರೆದಳು. ನಾನು ಕೈ ಎತ್ತಿದೆ. ಅವಳು ನನ್ನ ಬೆನ್ನ ಹಿಂದೆ ಯಾರಾದರೂ ಗಂಡಸರು ನಿಂತಿದ್ದಾರೆಯೇ ಎಂದು ನೋಡಿದಳು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ನಿವೃತ್ತರಾದ ನಮ್ಮಪ್ಪನಿಗೆ ಪಾಸ್‌ಪೋರ್ಟೇ ಇಲ್ಲ. ಅವರ ಹೆಸರು ಮಾತ್ರ ಪ್ಯಾರಿಸ್ಸಿನ ಮೂರನೇ ಮಹಡಿಯಲ್ಲಿ ರೂಮು ಹಿಡಿದಿತ್ತು. ಫೋನ್ ಮಾಡಿ ಹೇಳಿದೆ. “ಬಿಲ್ ನೀನೇ ಕಟ್ಟು” ಅಂದರು.

ರಾತ್ರಿ ಒಂಬತ್ತೂವರೆ. ಬಿಸಿಲು! ಸೇನ್ ನದಿಯ ಫೋಟೋ ಕಳಿಸಿದೆ. ಬೆಳಿಗ್ಗೆ ಎದ್ದು ನೋಡಿದ ಅಮ್ಮ, “ಮಧ್ಯಾಹ್ನ ಊಟ ಮಾಡಿದ್ಯಾ?” ಎಂದು ಕೇಳಿದ್ದಳು. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವ ಹೊತ್ತು ಹೆಚ್ಚೆಂದರೆ ಒಂದು ಗಂಟೆ ಅತ್ತಿತ್ತ ಆಗುತ್ತದೆ. ದೀಪ ಹಚ್ಚಲು ಗಡಿಯಾರ ಬೇಡ. ಇಲ್ಲಿ ಜೂನ್‌ನಲ್ಲಿ ಕತ್ತಲಾಗುವಷ್ಟರಲ್ಲಿ ಹತ್ತು ದಾಟಿರುತ್ತದೆ. ಉತ್ತರದ ದೇಶ ಎಂಬುದು ಅರ್ಧ ಕಾರಣ. ಇನ್ನರ್ಧ ಗಡಿಯಾರದ್ದು. 1940ರಲ್ಲಿ ಜರ್ಮನ್ನರು ಆಕ್ರಮಿಸಿಕೊಂಡಾಗ ಪ್ಯಾರಿಸ್ಸಿನ ಗಡಿಯಾರವನ್ನು ಬರ್ಲಿನ್ನಿನದಕ್ಕೆ ಹೊಂದಿಸಿದರು. ಜರ್ಮನ್ನರು ಹೋದರು, ಹೊತ್ತು ಉಳಿಯಿತು. ಅದರ ಮೇಲೆ ಬೇಸಿಗೆಯ ಇನ್ನೊಂದು ಗಂಟೆ. ಶತ್ರು ಬಿಟ್ಟುಹೋದ ಗಡಿಯಾರದಲ್ಲಿ ಇವರು ನೆಮ್ಮದಿಯಾಗಿ ಊಟ ಮಾಡುತ್ತಿದ್ದಾರೆ.

ಐಫೆಲ್ ಗೋಪುರ ನೋಡಿದೆ. 1889ರದ್ದು, 330 ಮೀಟರ್. ಫೋಟೋದಲ್ಲಿರುವಂತೆಯೇ ಇದೆ. ಇದಕ್ಕಿಂತ ಹೆಚ್ಚು ಬರೆಯಲು ಏನೂ ಹೊಳೆಯುತ್ತಿಲ್ಲ.

ಮೆಟ್ರೋ ಗೇಟಿನಲ್ಲಿ ಟಿಕೆಟ್ ತೋರಿಸಿ ದಾಟುವಾಗ ಹಿಂದಿನಿಂದ ಯಾರೋ ಅಂಟಿಕೊಂಡ ಹಾಗಾಯಿತು. ಬೆಚ್ಚಿದೆ. ಒಳ್ಳೆಯ ಬಟ್ಟೆ ತೊಟ್ಟ ಹುಡುಗ. “ಪಾರ್ದೋಂ” ಎಂದು ನನ್ನ ಒಂದೇ ಟಿಕೆಟಿನಲ್ಲಿ ತಾನೂ ಒಳಗೆ ಬಂದು, ಮೆಟ್ಟಿಲಿಳಿದು ಹೋದ. ಕಳ್ಳತನ ಮಾಡುವಾಗಲೂ ಕ್ಷಮೆ ಕೇಳುವ ಊರು. ಸುತ್ತಲಿದ್ದವರು ಯಾರೂ ತಲೆ ಎತ್ತಲಿಲ್ಲ.

ರೈಲಿನಲ್ಲಿ, ಪ್ಯಾರಿಸ್‌ನಿಂದ ಕಲೋನ್‌ಗೆ. ಫ್ರಾನ್ಸ್ ಯಾವಾಗ ಮುಗಿಯಿತು, ಬೆಲ್ಜಿಯಂ ಯಾವಾಗ ಶುರುವಾಯಿತು, ಕಿಟಕಿಗೆ ಮೂಗು ಒತ್ತಿಕೊಂಡು ಕೂತರೂ ಗೊತ್ತಾಗಲಿಲ್ಲ. ಹೊಸ ದೇಶಕ್ಕೆ ಸ್ವಾಗತ ಎಂದು ಮೊಬೈಲಿಗೆ ಬಂದ ಸಂದೇಶವೇ ಸಾಕ್ಷಿ. ನಮ್ಮ ಮನೆಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಅತ್ತಿಬೆಲೆ, ಅದರಾಚೆ ತಮಿಳುನಾಡು. ಚಿಕ್ಕಂದಿನಲ್ಲಿ ಹೊಸೂರಿಗೆ ಹೋಗುವಾಗ ಅಲ್ಲಿ ಲಾರಿಗಳ ಸಾಲು ಕಣ್ಣು ಹಾಯಿಸಿದಷ್ಟು ದೂರ ನಿಂತಿರುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್ ಎದ್ದುಹೋಯಿತು. ಆದರೂ ಅತ್ತಿಬೆಲೆ ದಾಟಿದ್ದು ಗೊತ್ತಾಗಿಯೇ ಆಗುತ್ತದೆ, ಬೋರ್ಡಿನ ಅಕ್ಷರ ಬದಲಾಗುತ್ತದೆ. ಇಲ್ಲಿ ಮೂರು ದೇಶಕ್ಕೂ ಒಂದೇ ಅಕ್ಷರ. ಓದಲು ಬರುತ್ತದೆ, ಅರ್ಥವಾಗುವುದಿಲ್ಲ.

ಹೀಗೆ ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಆಖೆನ್. ಇಬ್ಬರು ಸಮವಸ್ತ್ರದವರು ಹತ್ತಿದರು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ಮತ್ತೆ ತಪಾಸಣೆ ಶುರುಮಾಡಿದೆಯಂತೆ, ತಾತ್ಕಾಲಿಕವಾಗಿ. ತುಂಬಿದ ಬೋಗಿಯಲ್ಲಿ ಅವರು ಪಾಸ್‌ಪೋರ್ಟ್ ನೋಡಿದ್ದು ನನ್ನದು, ಬಾಗಿಲ ಬಳಿ ಕೂತಿದ್ದ ಒಬ್ಬ ಆಫ್ರಿಕನ್ ತಾಯಿಯದು, ತಲೆಗೆ ಬಟ್ಟೆ ಕಟ್ಟಿದ್ದ ಇನ್ನೊಬ್ಬ ಹುಡುಗಿಯದು. ಬಹಳ ಮರ್ಯಾದೆಯಿಂದ ನೋಡಿ ಹಿಂದಿರುಗಿಸಿದರು. ಎದುರಿಗಿದ್ದ ಅಜ್ಜ ಪತ್ರಿಕೆಯ ಪುಟ ಸಹ ಮಡಚಲಿಲ್ಲ. ಯಾರೂ ಏನೂ ಕೇಳುವುದಿಲ್ಲ ಎಂದು ಮೇಲೆ ಬರೆಯಬೇಕೆಂದಿದ್ದೆ. ಯಾರನ್ನು ಕೇಳುವುದಿಲ್ಲ ಎಂಬುದನ್ನೂ ಬರೆಯಬೇಕು.

ಕಲೋನ್. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಕತ್ತು ನೋಯುವಷ್ಟು ಎತ್ತರದ ಚರ್ಚು, 157 ಮೀಟರ್. ಕೆಲಸ ಶುರುವಾದದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಡುವೆ ಮುನ್ನೂರು ವರ್ಷ ಕೆಲಸವೇ ನಿಂತಿತ್ತು. ಅರ್ಧ ಕಟ್ಟಿದ ಗೋಪುರದ ತಲೆಯ ಮೇಲೆ ಮರದ ಕ್ರೇನು ಹಾಗೆಯೇ ನಿಂತು ಊರಿನ ಗುರುತಾಗಿಬಿಟ್ಟಿತ್ತು. ತಾತ ನೋಡಿದ ಕ್ರೇನನ್ನೇ ಮರಿಮಗನ ಮರಿಮಗ ನೋಡಿರಬೇಕು. ನನಗೆ ಹೊಸೂರು ರಸ್ತೆ ನೆನಪಾಯಿತು. ನಾನು ಹೊರಟ ದಿನ ಸಿಂಗಸಂದ್ರ ಮೆಟ್ರೋ ಸ್ಟೇಷನ್ ಬಣ್ಣ ಬಳಿಸಿಕೊಂಡು, ಬೀಗ ಹಾಕಿಸಿಕೊಂಡು ನಿಂತಿತ್ತು. ಇವರ ಲೆಕ್ಕದಲ್ಲಿ ನಮ್ಮದು ತಡವೇ ಅಲ್ಲ.

ಇಲ್ಲಿಯ ನೆಲದಡಿಯ ರೈಲಿಗೆ ಗೇಟೇ ಇಲ್ಲ. ಬ್ಯಾಗ್ ತಪಾಸಣೆ ಇಲ್ಲ, ಮೈ ತಡವುವವರಿಲ್ಲ. ಬೀದಿಯಿಂದ ಇಳಿದರೆ ಪ್ಲಾಟ್‌ಫಾರ್ಮ್. ಟಿಕೆಟ್ ಕೊಂಡ ಮೇಲೆ ಯಾರಿಗೆ ತೋರಿಸಬೇಕು ಎಂದು ತಿಳಿಯದೆ ಎರಡು ದಿನ ಕೈಯಲ್ಲೇ ಹಿಡಿದು ಓಡಾಡಿದೆ. ಯಾರೂ ಕೇಳಲಿಲ್ಲ, ಸ್ವಲ್ಪ ಬೇಜಾರೇ ಆಯಿತು. ಟಿಕೆಟಿಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಸ್ಟೇಷನ್ನಿನ ಶೌಚಾಲಯಕ್ಕೆ ಮಾತ್ರ ಗೇಟಿದೆ, ಒಂದು ಯೂರೋ ಹಾಕಿದರೆ ತೆರೆಯುತ್ತದೆ. ರೈಲಿಗೆ ನಂಬಿಕೆ, ಶೌಚಕ್ಕೆ ಅನುಮಾನ.

ಭಾನುವಾರ. ಅಂಗಡಿಗಳು ಮುಚ್ಚಿವೆ. ಅವರ ಸಂವಿಧಾನದಲ್ಲೇ ಭಾನುವಾರದ ವಿಶ್ರಾಂತಿಗೆ ರಕ್ಷಣೆ ಇದೆಯಂತೆ. ಬ್ಯಾಗಿನಲ್ಲಿ ಪುಳಿಯೋಗರೆ ಗೊಜ್ಜಿತ್ತು. ತುಪ್ಪ ಇರಲಿಲ್ಲ. ಹಾಲಿನದು, ಮಾಂಸದ್ದು ಹೊರಗಿನಿಂದ ತರುವಂತಿಲ್ಲ ಎಂಬ ನಿಯಮ ಓದಿ, ಹೊರಡುವ ರಾತ್ರಿ ಅಮ್ಮನ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಮ್ಮ ಆ ದೇಶದ ಮೇಲೆಯೇ ಮುನಿಸಿಕೊಂಡಿದ್ದಳು.

ಆಮ್‌ಸ್ಟರ್‌ಡ್ಯಾಮ್. ಒಂದೇ ದಿನ. ರೈಲ್ವೆ ಸ್ಟೇಷನ್ ಮುಂದೆ ನೀರಿನ ಅಡಿಯಲ್ಲಿ 7,000 ಸೈಕಲ್ ನಿಲ್ಲಿಸುವ ಜಾಗ, 2023ರಲ್ಲಿ ತೆರೆದದ್ದು. ನಮ್ಮ ಆಫೀಸಿನವರು ಶನಿವಾರ ಸೈಕಲ್ ಹತ್ತುವುದೆಂದರೆ ಹೆಲ್ಮೆಟ್ಟು, ಕೈಗವಸು, ಮೈಗಂಟುವ ಬಟ್ಟೆ, ಯುದ್ಧಕ್ಕೆ ಹೊರಟಂತೆ. ಇಲ್ಲಿ ಅಜ್ಜಿಯೊಬ್ಬಳು ಲಂಗ ಹಾರಿಸಿಕೊಂಡು, ಬುಟ್ಟಿಯಲ್ಲಿ ಈರುಳ್ಳಿ ಹೂವು ಎರಡನ್ನೂ ಹಾಕಿಕೊಂಡು, ಬರಿದಲೆಯಲ್ಲಿ ಹೋದಳು. ಸೈಕಲ್ ದಾರಿಯಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ ನನಗೆ ಗಂಟೆ ಹೊಡೆದು ಬೈದಳು. ಈ ಊರಿನಲ್ಲಿ ನನ್ನೊಡನೆ ಮೊದಲು ಮಾತಾಡಿದವಳು ಅವಳೇ.

ರೋಮ್. ಬೀದಿ ಮೂಲೆಯಲ್ಲಿ ಕಬ್ಬಿಣದ ಗಿಡ್ಡ ಕಂಬ, ಅದರ ಬಾಗಿದ ಮೂತಿಯಿಂದ ನೀರು ಸುರಿಯುತ್ತಿದೆ, ಹಗಲೂ ರಾತ್ರಿಯೂ. ನನ್ನ ಕೈ ತಾನಾಗಿಯೇ ನಲ್ಲಿಯ ತಿರುಪು ಹುಡುಕಿತು. ತಿರುಪೇ ಇಲ್ಲ. ಇವಕ್ಕೆ ನಾಸೋನೆ ಎನ್ನುತ್ತಾರೆ, ಅಂದರೆ ದೊಡ್ಡ ಮೂಗು. 1870ರ ದಶಕದಿಂದ ಇವೆ, ಊರಿನಲ್ಲಿ ಸುಮಾರು 2,500. ಕುಡಿಯುವ ನೀರು, ಪುಕ್ಕಟೆ. ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಒಂದು ಮಗು ತೋರಿಸಿಕೊಟ್ಟಿತು. 2024ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ನೀರಿಗೆ ಬರ ಬಂದಾಗ, ನಾವು ಟ್ಯಾಂಕರಿನವನಿಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, “ಅಣ್ಣಾ, ಇವತ್ತಾದ್ರೂ ಬರ್ತೀಯಾ?” ಎಂದು ಗೋಗರೆಯುತ್ತಿದ್ದೆವು. ಆ ಕಂಬದ ಮುಂದೆ ಹತ್ತು ನಿಮಿಷ ನಿಂತೆ. ಕೊಲೋಸಿಯಂ ಮುಂದೆ ಅಷ್ಟು ಹೊತ್ತು ನಿಂತಿರಲಿಲ್ಲ.

ಹೋಟೆಲಿನ ಬಚ್ಚಲಲ್ಲಿ ತೊಳೆದುಕೊಳ್ಳಲೆಂದೇ ಪಿಂಗಾಣಿಯ ತೊಟ್ಟಿ ಇದೆ! 1975ರಿಂದ ಇಟಲಿಯ ಮನೆಗಳಿಗೆ ಇದು ಕಡ್ಡಾಯ. ಬೇರೆ ಮೂರು ದೇಶಗಳಲ್ಲಿ ಕಾಗದದೊಂದಿಗೆ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ.

ಪಾಸ್ತಾದ ಮೇಲೆ ಉದುರಿಸಿದ ಚೀಸ್ ರುಚಿಯಾಗಿತ್ತು. ಸುಮ್ಮನಿರಲಾರದೆ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರಂತೆ. ಕೇಳಬಾರದಿತ್ತು. ಅಮ್ಮನಿಗೆ ಹೇಳಬಾರದು.

ಸಿಂಗಸಂದ್ರ, ಆಗಸ್ಟ್. 10ನೇ ತಾರೀಖು ಹಳದಿ ಮಾರ್ಗ ತೆರೆಯಿತು. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ಸ್ಟೇಷನ್. ಶನಿವಾರ ಗದಗಿನ ಅಜ್ಜಿಯನ್ನು ರಾಗಿಗುಡ್ಡದ ಆಂಜನೇಯನಲ್ಲಿಗೆ ಕರೆದುಕೊಂಡು ಹೊರಟೆ. ಅಜ್ಜಿಯ ಚೀಲ ಯಂತ್ರದೊಳಗೆ ಹೋಗಿ ಬಂತು. “ಒಳಗೇನಿದೆ ಅಜ್ಜಿ?” ಎಂದು ಕಾವಲಿನ ಹುಡುಗಿ ಕೇಳಿದಳು. “ಹಣ್ಣು ಕಾಯಿ ಅದಾವ, ನಿನಗೂ ಪ್ರಸಾದ ತರ್ತೀನಿ ತಗೋ” ಅಂದರು ಅಜ್ಜಿ.

ಆಗ ಇದ್ದದ್ದು ಮೂರೇ ರೈಲು, ಒಂದು ಹೋದರೆ ಇನ್ನೊಂದಕ್ಕೆ 25 ನಿಮಿಷ ಕಾಯಬೇಕಿತ್ತು. ಬೆಂಚಿನ ಮೇಲೆ ಕಾಲು ಮಡಚಿ ಕೂತು ಅಜ್ಜಿ ಶುರುಮಾಡಿದರು. “ಒಬ್ಬಾಕಿನ ಹೋಗಿದ್ದೇನ? ಎಲ್ಲಿ ಇಳಕೊಂಡಿದ್ದಿ? ರೊಕ್ಕ ಯಾರು ಕೊಟ್ರು, ಅಪ್ಪನೋ ಕಂಪನಿಯವರೋ? ಪಗಾರ ಎಷ್ಟು ಬರತೈತಿ ಈಗ? ಮದಿವಿ ಯಾವಾಗ ಮಾಡ್ಕೊಳ್ಳಾಕಿ?” ಒಂದೊಂದಕ್ಕೂ ಉತ್ತರ ಕೊಟ್ಟೆ. ಅರ್ಜಿ ತುಂಬಿಸಿದ ಅಭ್ಯಾಸವಿತ್ತು, ತಡವರಿಸಲಿಲ್ಲ. ವಾಪಸ್ ಟಿಕೆಟು ಮಾತ್ರ ಅವರು ಕೇಳಲಿಲ್ಲ.