ಹೆಸರು ಹಿಡಿದು ಕರೆದರೆ ಸಾಕು

ಅರವತ್ತೈದು ದಾಟಿದ ಮೇಲೆ ದೇಹದ ಒಂದೊಂದು ಅಂಗವೂ ತನ್ನ ದಣಿವನ್ನು ತಿಳಿಸತೊಡಗುತ್ತದೆ. ನನಗೆ ಆ ಸೂಚನೆ ಬಂದದ್ದು ಬಲಗೈಯಿಂದ. ಲೇಖನಿ ಹಿಡಿದರೆ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಆ ಕಾರಣದಿಂದಲೇ ಗಣಕಯಂತ್ರವನ್ನು ಆಶ್ರಯಿಸಿದೆ. ಅಲ್ಲಿಯೂ ಮೌಸ್ ನನ್ನ ಕೈಯ ನಡುಕವನ್ನು ಪರದೆಯ ಮೇಲೆ ಎತ್ತಿ ತೋರಿಸಿತು. ಒಂದು ಚಿತ್ರವನ್ನು ಒತ್ತಲು ಹೋದರೆ ಪಕ್ಕದ್ದು ತೆರೆಯುತ್ತಿತ್ತು.

ಒಂದು ದಿನ, ಇಪ್ಪತ್ತು ವರ್ಷಗಳಿಂದ ನಾನು ಸಂಗ್ರಹಿಸಿದ ಹಳ್ಳಿಯ ನುಡಿಗಟ್ಟುಗಳ ಫೋಲ್ಡರ್ ಬೆರಳು ಅಲುಗಿದ್ದರಿಂದ ಎಲ್ಲಿಯೋ ಜಾರಿಹೋಯಿತು. ಅರ್ಧ ದಿನ ಹುಡುಕಿದರೂ ಸಿಗಲಿಲ್ಲ. ಆ ಗ್ರಂಥದ ಕೆಲಸ ಇಲ್ಲಿಗೆ ಮುಗಿಯಿತೆಂದು ಅಂದು ರಾತ್ರಿ ಮನೆಯವರಿಗೆ ಹೇಳಿಬಿಟ್ಟೆ.

ಮರುದಿನ ಮೊಮ್ಮಗಳು ಬಳಿ ಬಂದು ಕುಳಿತಳು. "ಅಜ್ಜಾರ, ಮೌಸ್ ಬಾಜೂಕ ಇಡ್ರಿ. ಹೆಸರು ಗೊತ್ತೈತಿ ಅಂದ್ಮ್ಯಾಲೆ ಮನಿ ಹುಡುಕೋದು ಯಾಕ? ಹೆಸರು ಹಿಡಿದು ಕರೀರಿ" ಎಂದಳು. ಕೀಲಿಮಣೆಯ ಕೆಳಸಾಲಿನ ಎಡಭಾಗದಲ್ಲಿರುವ ವಿಂಡೋಸ್ ಕೀಲಿಯನ್ನು ಒಮ್ಮೆ ಒತ್ತಿ, ಫೋಲ್ಡರಿನ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ಟಂಕಿಸಿದಳು. ಕಳೆದುಹೋದದ್ದು ಕಣ್ಣೆದುರು ನಿಂತಿತು! ನನ್ನ ಕಣ್ಣು ತುಂಬಿದ್ದನ್ನು ಅವಳು ಕಂಡಳೋ ಇಲ್ಲವೋ ಅರಿಯೆ.

ಕಾರ್ಯಕ್ರಮಗಳಿಗೂ ಇದೇ ಕ್ರಮ. ಆ ಕೀಲಿಯನ್ನು ಒತ್ತಿ ಬಿಟ್ಟು, ಬರಹದ ಕಾರ್ಯಕ್ರಮವಾದ ವರ್ಡ್‌ನ ಮೊದಲ ಎರಡು ಮೂರು ಇಂಗ್ಲಿಷ್ ಅಕ್ಷರಗಳನ್ನು ಟಂಕಿಸಿ, ಪಟ್ಟಿಯ ಮೇಲ್ತುದಿಯಲ್ಲಿ ಅದರ ಹೆಸರು ಬಂದೊಡನೆ ಎಂಟರ್ ಒತ್ತಿದರೆ ಅದು ತೆರೆಯುತ್ತದೆ. 1995ರಲ್ಲಿ ಬಂದ ಸ್ಟಾರ್ಟ್ ಮೆನುವಿನಲ್ಲಿ ಪಟ್ಟಿಯಿಂದ ಪಟ್ಟಿಗೆ ಸಾಗಬೇಕಿತ್ತು. ಹೀಗೆ ಟಂಕಿಸಿ ಹುಡುಕುವ ಅನುಕೂಲ 2007ರಲ್ಲಿ ವಿಸ್ಟಾದೊಂದಿಗೆ ಮನೆಗಳಿಗೆ ಬಂದಿತು. ಕೆಳಪಟ್ಟಿಯಲ್ಲಿ ಮೊದಲನೆಯದಾಗಿ ಇರಿಸಿದ ಕಾರ್ಯಕ್ರಮಕ್ಕೆ ವಿಂಡೋಸ್ ಕೀಲಿಯೊಡನೆ 1 ಅಂಕಿ, ಎರಡನೆಯದಕ್ಕೆ 2 ಒತ್ತಿದರೂ ಸಾಕು.

ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದು ನನ್ನಂಥವರಿಗೆ ಕಷ್ಟ. ಅದಕ್ಕೂ ಉಪಾಯವಿದೆ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಸ್ಟಿಕ್ಕಿ ಕೀಸ್ ಎಂಬ ವ್ಯವಸ್ಥೆ ಬೇಕೇ ಎಂದು ಯಂತ್ರವೇ ಕೇಳುತ್ತದೆ. ಒಪ್ಪಿದರೆ, ಒಂದಾದ ಮೇಲೊಂದು ಒತ್ತಿದರೂ ಕೆಲಸ ನಡೆಯುತ್ತದೆ.

ಮೊದಮೊದಲು ನಾನು ಮಾಡುತ್ತಿದ್ದ ತಪ್ಪನ್ನೂ ಹೇಳಬೇಕು. ಕೀಲಿಮಣೆ ಕನ್ನಡದಲ್ಲಿರುವಾಗಲೇ ಟಂಕಿಸಿ, ಏನೂ ದೊರೆಯದೆ ಯಂತ್ರವನ್ನು ದೂರುತ್ತಿದ್ದೆ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಾಯಿಸಿಕೊಳ್ಳಬೇಕೆಂಬುದು ತಿಳಿದದ್ದು ಆಮೇಲೆ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಗುರುಗಳು ಮೊದಲ ಎರಡಕ್ಷರ ಹೇಳಿದರೆ ನಾವು ಇಡೀ ಪದ್ಯವನ್ನು ಒಪ್ಪಿಸಬೇಕಿತ್ತು. ಈಗ ಎರಡಕ್ಷರ ಕೊಡುವವನು ನಾನು, ಉಳಿದದ್ದನ್ನು ಒಪ್ಪಿಸುವುದು ಯಂತ್ರ. ಆದರೆ ಹೆಸರನ್ನು ನೆನಪಿಡುವ ಹೊಣೆ ಇಂದಿಗೂ ನನ್ನದೇ.

ಗ್ರಂಥ ಈಗ ಮುಕ್ಕಾಲು ಭಾಗ ಮುಗಿದಿದೆ. ಕೈ ನಡುಗುತ್ತಲೇ ಇದೆ. ಕಲಿಸುವವರು ಕಿರಿಯರೆಂದು ಸಂಕೋಚಪಟ್ಟು ಕೈಹಿಡಿದ ಕೆಲಸವನ್ನು ಬಿಡಬಾರದೆಂದು ನನ್ನ ಓರಗೆಯ ಹಿರಿಯರಲ್ಲಿ ಅರಿಕೆ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಹೇಳಿಕೊಡುವುದು ಅರ್ಧ ಗಳಿಗೆಯ ಪಾಠ, ಉಳಿಯುವುದು ಬಹುಕಾಲದ ದುಡಿಮೆ.