ಬಾಂಬೆಯೋರ ಮನೆ

5 ನವೆಂಬರ್ 2024, ಮಂಗಳವಾರ. ದೊಡ್ಡಮಳೂರು

ನಿನ್ನೆ ಸಂಜೆ ತೋಟದಲ್ಲೇ ಅಪ್ಪನ ಸಂಸ್ಕಾರ ಮುಗಿಯಿತು. ಇವತ್ತು ಬೆಳಗಿನಿಂದ ಜನವೋ ಜನ. ಚನ್ನಪಟ್ಟಣ ಉಪಚುನಾವಣೆಯ ಕಾವು ಬೇರೆ. ಎಲ್ಲ ಪಕ್ಷದವರೂ ಬಂದು ಅಮ್ಮನಿಗೆ ಕೈಮುಗಿದು ಹೋದರು. ಪ್ರಚಾರದ ಆಟೊಗಳು ನಮ್ಮ ಮನೆ ಹತ್ತಿರ ಬಂದಾಗ ಮೈಕಿನ ಸದ್ದು ತಗ್ಗಿಸುತ್ತಿದ್ದವು. ಅಪ್ಪ ಇದ್ದಿದ್ದರೂ ಅವರಿಗೆ ಅದು ಕೇಳಿಸುತ್ತಿರಲಿಲ್ಲ ಬಿಡಿ. ಎಣ್ಣೆಬಾವಿ ಕೊರೆಯುವ ರಿಗ್ಗಿನ ಗದ್ದಲಕ್ಕೆ ಕಿವಿ ಎಂದೋ ಹೋಗಿತ್ತು. ನಮ್ಮ ಮನೆಯ ಟಿ.ವಿ. ಪಕ್ಕದ ಬೀದಿಗೂ ಕೇಳುತ್ತಿತ್ತು.

ಬಂದವರದೆಲ್ಲ ಒಂದೇ ಮಾತು: "ಪಾಪ, ಹೆಂಡ್ತಿ ಮಕ್ಳಿಗೋಸ್ಕರ ಜೀವ್ಮಾನಾನೆಲ್ಲ ಸಮುದ್ರದಲ್ಲೇ ಕಳೆದ್ಬುಟ್ರು." ಹೂಂ ಅಂತ ತಲೆಯಾಡಿಸಿದೆ. ಸಂಜೆ ಹೊತ್ತಿಗೆ ಆ "ಪಾಪ" ಕೇಳಿ ಕೇಳಿ ರೇಗಿಹೋಯಿತು.

ಊರಿಗೆ ನಮ್ಮದು ಬಾಂಬೆಯೋರ ಮನೆ. ಅಪ್ಪನಿಗೆ ಬಾಂಬೆ ಅಂದರೆ ಜುಹುವಿನಲ್ಲಿ ಹೆಲಿಕಾಪ್ಟರ್ ಹತ್ತುವ ತನಕ ಅಷ್ಟೆ. ಕೆಲಸವಿದ್ದದ್ದು ಅಲ್ಲಿಂದ ಸುಮಾರು 160 ಕಿಲೋಮೀಟರ್ ಆಚೆ, ಅರಬ್ಬಿ ಸಮುದ್ರದ ನಡುವೆ, ಬಾಂಬೆ ಹೈ ಎಣ್ಣೆಕ್ಷೇತ್ರದಲ್ಲಿ. 14 ದಿನ ಅಲ್ಲಿ, 14 ದಿನ ರಜೆ. ಆ ರಜೆಯಲ್ಲೂ ಉದ್ಯಾನ್ ಎಕ್ಸ್‌ಪ್ರೆಸ್ ತನ್ನ ಪಾಲು ಕಿತ್ತುಕೊಳ್ಳುತ್ತಿತ್ತು. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಅಮ್ಮ ಅಪ್ಪನಿರುವ ದಿನಗಳಿಗೆಲ್ಲ ಸುತ್ತು ಹಾಕಿಡೋರು. ಯುಗಾದಿ ಅದರಾಚೆ ಬಿದ್ದರೆ ಅಪ್ಪ ಬಂದ ಮೇಲೆ ಇನ್ನೊಂದು ಸಲ ಒಬ್ಬಟ್ಟು. ನಮಗೇನು, ಲಾಭವೇ.

6 ನವೆಂಬರ್, ಬುಧವಾರ

ಹಾಲುತುಪ್ಪ ಆಯಿತು. ಬೂದಿ ತೆಗೆದುಕೊಂಡು ತಮ್ಮ ಮತ್ತು ಚಿಕ್ಕಪ್ಪ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದರು. ನಾನು ತೋಟದಲ್ಲೇ ಬೋರ್‌ವೆಲ್ ಪಕ್ಕ ಕೂತಿದ್ದೆ.

ಈ ಬೋರು ಕೊರೆಸಿದ ರಾತ್ರಿ ಚೆನ್ನಾಗಿ ನೆನಪಿದೆ. ಅಪ್ಪ ಆಗಷ್ಟೇ ನಿವೃತ್ತರಾಗಿದ್ದರು. ತಿರುಚೆಂಗೋಡಿನ ಲಾರಿ ಬಂದಿತ್ತು. ನೀರು ಬೀಳುತ್ತೋ ಇಲ್ಲವೋ ಅಂತ ನಾವೆಲ್ಲ ದೇವರಿಗೆ ಹರಕೆ ಕಟ್ಟುತ್ತಿದ್ದರೆ, ಅಪ್ಪನಿಗೆ ನೀರಿನ ಚಿಂತೆಯೇ ಇಲ್ಲ. ಲುಂಗಿ ಮೇಲೆ ಕಟ್ಟಿಕೊಂಡು ಲಾರಿಯ ಪಕ್ಕ ನಿಂತುಬಿಟ್ಟರು. ಮೇಲೆ ಬಂದ ಕಲ್ಲುಪುಡಿಯನ್ನು ಅಂಗೈಗೆ ಹಾಕಿ, ಬೆರಳಲ್ಲಿ ಉಜ್ಜಿ, ಮೂಸಿ, ಟಾರ್ಚ್ ಬಿಟ್ಟು ನೋಡಿ, "ಕಲ್ಲು ಬದಲಾಯ್ತು, ನಿಧಾನ" ಅಂತ ತಮಿಳು ಹುಡುಗರಿಗೆ ಕೈಸನ್ನೆ. ಮೊದಮೊದಲು ನಕ್ಕ ಹುಡುಗರು ಪೈಪು ಜೋಡಿಸುವಾಗ ಅಪ್ಪ ಕೈ ಹಾಕಿದ್ದು ನೋಡಿ "ಸಾರ್" ಅನ್ನತೊಡಗಿದರು.

ಬೆಳಗಿನ ಜಾವ ಟೀ ಕುಡಿಯುತ್ತಾ ಚಿಕ್ಕಪ್ಪನಿಗೆ ಪಾಠ: "ಇವ್ರು ಗಾಳಿ ಊದಿ ಪುಡಿ ತೆಗೀತಾರೆ ಕಣೋ. ನಮ್ದು ಗಾಳಿಯಲ್ಲ, ಮಡ್ಡು." ಬೆಂಟೋನೈಟ್ ಜೇಡಿಯನ್ನು ನೀರಿಗೆ ಕಲಸಿ, ತೂಕಕ್ಕೆ ಬ್ಯಾರೈಟ್ ಪುಡಿ ಸೇರಿಸಿ, ಪೈಪಿನೊಳಗಿಂದ ಕೆಳಗೆ ಬಿಡುತ್ತಾರೆ. ಅದು ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ಟಿನ ತೂತುಗಳಿಂದ ಹೊರಬಿದ್ದು, ಕಲ್ಲುಪುಡಿಯನ್ನು ಹೊತ್ತು ಪೈಪಿನ ಹೊರಬದಿಯಿಂದ ಮೇಲೆ ಬರುತ್ತದೆ. ಬಿಟ್ಟನ್ನು ತಣ್ಣಗಿಡುವುದೂ ಅದೇ, ಒಳಗಿನ ಗ್ಯಾಸನ್ನು ಅದುಮಿ ಹಿಡಿಯುವುದೂ ಅದೇ. ತೂಕ ಕಡಿಮೆಯಾದರೆ ಗ್ಯಾಸ್ ನುಗ್ಗಿ ಮೇಲೆ ಬರುತ್ತದೆ. ಜಾಸ್ತಿಯಾದರೆ ಬಂಡೆಯೇ ಬಿರಿದು ಮಡ್ಡೆಲ್ಲ ಅದರೊಳಗೆ ಸೇರಿಹೋಗುತ್ತದೆ. "ಆ ಎರಡ್ರ ಮಧ್ಯೆ ನಿಲ್ಸೋದೇ ಕೆಲ್ಸ" ಅಂದರು. ಚಿಕ್ಕಪ್ಪ ಆಕಳಿಸಿದರು. ಅಪ್ಪನ ಮುಖ ಮಾತ್ರ ಮದುವೆಮನೆಯಲ್ಲಿದ್ದ ಹಾಗಿತ್ತು. ಮಗಳ ಮದುವೆಯಲ್ಲೂ ಅಷ್ಟು ಗೆಲುವಾಗಿರಲಿಲ್ಲ ಅಂತ ಅಮ್ಮ ಆಮೇಲೆ ಹಂಗಿಸಿದರು.

ಇದನ್ನು ಜನಕ್ಕೆ ಹೇಗೆ ಹೇಳುವುದು? ಅಪ್ಪನಿಗೆ ಆ ಕೆಲಸ ಇಷ್ಟವಿತ್ತು. ಖುಷಿಯಾಗಿ ಹೋಗುತ್ತಿದ್ದರು.

9 ನವೆಂಬರ್, ಶನಿವಾರ

ಗಾಡ್ರೇಜ್ ಬೀರು ತೆಗೆದೆವು. ಪಿಂಚಣಿ ಕಾಗದ, ರಿಗ್ಗಿನ ಮೇಲೆ ಹೆಲ್ಮೆಟ್ ಹಾಕಿಕೊಂಡ ಎರಡು ಫೋಟೊ, ರಬ್ಬರ್ ಬ್ಯಾಂಡ್ ಸುತ್ತಿದ ಒಂದು ರೂಪಾಯಿ ನೋಟಿನ ಕಟ್ಟು. ಮುಯ್ಯಿಗೆ ಅಂತ ಇಟ್ಟದ್ದು. 1994ರಲ್ಲಿ ಆ ನೋಟಿನ ಮುದ್ರಣ ನಿಂತಾಗ ಎಲ್ಲರೂ ನಾಣ್ಯಕ್ಕೆ ಹೋದರು. ಅಪ್ಪ ಕೂಡಿಟ್ಟ ನೋಟನ್ನೇ ನೂರರ ಜೊತೆ ಕವರಿಗೆ ಹಾಕುತ್ತಿದ್ದರು. 2015ರಲ್ಲಿ ಅದು ಮತ್ತೆ ಬಂದಾಗ ಚನ್ನಪಟ್ಟಣದ ಬ್ಯಾಂಕಿಗೆ ಹೋಗಿ ಕಾಡಿಬೇಡಿ ತಂದರು. ನೋಟಿನ ಹಿಂದೆ ಇರುವುದು ಸಾಗರ್ ಸಾಮ್ರಾಟ್, ಜಪಾನಿನಲ್ಲಿ ಕಟ್ಟಿಸಿ ತಂದ ರಿಗ್. 1974ರ ಫೆಬ್ರವರಿಯಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಕಂಡದ್ದು ಅದರಿಂದಲೇ. ಅಪ್ಪ ಕೆಲವು ವರ್ಷ ಅದರಲ್ಲಿದ್ದರು. ಊರಿನ ಮಕ್ಕಳಿಗೆ ನೋಟು ತಿರುಗಿಸಿ, ರಿಗ್ಗಿನ ಗೋಪುರದ, ಅಂದರೆ ಡೆರಿಕ್ಕಿನ, ಮೇಲ್ಭಾಗಕ್ಕೆ ಉಗುರು ಮುಟ್ಟಿಸಿ, "ಇಲ್ಲಿ ನಿಂತ್ಕೊತಿದ್ದೆ" ಅನ್ನೋರು.

ಅದು ಸುಳ್ಳಲ್ಲ. ಐಟಿಐ ಮುಗಿಸಿ 1977ರಲ್ಲಿ ಒಎನ್‌ಜಿಸಿ ಸೇರಿದಾಗ ಮೊದಲು ಗುಜರಾತಿನ ಅಂಕಲೇಶ್ವರ, ಆಮೇಲೆ ಸಮುದ್ರ. ಟಾಪ್‌ಮನ್ ಕೆಲಸ. ಮೂರು ಪೈಪು ಸೇರಿ ಸುಮಾರು 90 ಅಡಿಯ ಒಂದು ಸ್ಟ್ಯಾಂಡ್. ಬಾವಿಯಿಂದ ಎಳೆದ ಅದರ ತಲೆಯನ್ನು ಡೆರಿಕ್ಕಿನ ಮಂಕಿ ಬೋರ್ಡಿನ ಮೇಲೆ ನಿಂತು, ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಹಿಡಿದು ಒರಗಿಸಬೇಕು. 12 ಗಂಟೆಯ ಪಾಳಿ, ಕೆಳಗೆ ಸಮುದ್ರ. ಹುಡುಗನಾಗಿದ್ದಾಗಿಂದ ತೆಂಗಿನಮರ ಹತ್ತಿದ್ದರಿಂದ ಎತ್ತರ ಹೆದರಿಸಲಿಲ್ಲವಂತೆ. ಊಟವೇ ಸೇರುತ್ತಿರಲಿಲ್ಲ. ಬ್ಯಾಗಿನಲ್ಲಿ ಹುಚ್ಚೆಳ್ಳು ಪುಡಿಯ ಡಬ್ಬಿ ಖಾಯಂ.

13 ನವೆಂಬರ್, ಬುಧವಾರ

ಮತದಾನ. ಸೂತಕದಲ್ಲಿ ಹೋಗಬಹುದಾ ಅಂತ ಅತ್ತೆಯವರಲ್ಲೇ ಚರ್ಚೆ. ಅಮ್ಮ ಸೀರೆ ಬದಲಿಸಿ ಹೋಗಿ ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದು, ನಾಳೆಯ ಅಡುಗೆಗೆ ಅವರೆಕಾಳು ಸುಲಿಯಲು ಕೂತರು.

ಕೂತಲ್ಲಿ 2005ರ ಮಾತು ಬಂತು. ಆ ಜುಲೈ 27ಕ್ಕೆ ಅಪ್ಪ ರಜೆಯ ಮೇಲೆ ಇಲ್ಲೇ ಇದ್ದರು. ಹಿಂದಿನ ದಿನದ ಮಳೆಗೆ ಮುಂಬೈ ಮುಳುಗಿದ ಸುದ್ದಿಯೇ ಟಿ.ವಿ. ತುಂಬ. ನಡುವೆ ಬಾಂಬೆ ಹೈಗೆ ಬೆಂಕಿ ಅಂತ ಬಂತು. ಸಮುದ್ರ ಸುರಕ್ಷಾ ಅನ್ನುವ ಹಡಗಿನಲ್ಲಿ ಒಬ್ಬರ ಕೈಬೆರಳಿಗೆ ಪೆಟ್ಟಾಗಿತ್ತು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಗಾಯಾಳುವನ್ನು ದಾಟಿಸಲು ಹಡಗನ್ನೇ ಬಿಎಚ್ಎನ್ ಪ್ಲಾಟ್‌ಫಾರ್ಮಿನ ಹತ್ತಿರ ತಂದರು. ಅಲೆ ಎತ್ತಿ ಹಾಕಿದ್ದಕ್ಕೆ ಅದು ರೈಸರ್ ಪೈಪಿಗೆ ಬಡಿಯಿತು. ಎರಡು ಗಂಟೆಯೊಳಗೆ ಇಡೀ ಕಟ್ಟಡ ನೀರುಪಾಲು. ಅಲ್ಲಿದ್ದ 384 ಜನರಲ್ಲಿ 22 ಮಂದಿ ಹೋದರು.

ಅಪ್ಪ ಮದುವೆ ಕರೆಯೋಲೆಯೊಂದರ ಹಿಂದೆ ಪ್ಲಾಟ್‌ಫಾರ್ಮಿನ ಕಾಲು, ಗ್ಯಾಸ್ ಸಾಗಿಸುವ ರೈಸರ್, ಹಡಗು ಬಂದ ದಿಕ್ಕು ಎಲ್ಲ ಬರೆದರು. ಒಂದೇ ಗೆರೆಯನ್ನು ಮತ್ತೆ ಮತ್ತೆ ತಿದ್ದಿ ಕಾಗದ ತೂತಾಯಿತು. ಅಳಲಿಲ್ಲ. ರಾತ್ರಿಯೆಲ್ಲ ಫೋನು ಹಚ್ಚಿ ಗೊತ್ತಿದ್ದವರ ಹೆಸರು ವಿಚಾರಿಸಿದರು.

"ಹೋಗ್ಬೇಡಿ, ಮೆಡಿಕಲ್ ರಜಾ ಹಾಕಿ" ಅಂತ ಅಮ್ಮ ಹೇಳಿದರು. ಅಜ್ಜಿ ಅನ್ನ ಬಿಟ್ಟರು. ಅಷ್ಟರಲ್ಲಿ ಡ್ರಿಲ್ಲರ್ ಆಗಿದ್ದ ಅಪ್ಪನಿಗೆ ಚಿಂತೆ ರೈಲಿನದು: ಹಳಿ ಸರಿಯಾಗಿದೆಯೋ ಇಲ್ಲವೋ, ಪಾಳಿಗೆ ತಲುಪದಿದ್ದರೆ ಅಲ್ಲಿರುವ ಡ್ರಿಲ್ಲರ್ ಇಳಿಯುವುದು ಹೇಗೆ. ಹೊರಟೇಬಿಟ್ಟರು. ನನಗೆ ಆಗ ಕೋಪ ಬಂದಿತ್ತು. ಸಂಬಳಕ್ಕೋಸ್ಕರ ಹೋದರು ಅಂದುಕೊಂಡಿದ್ದರೆ ಕೋಪ ಬರುತ್ತಿರಲಿಲ್ಲ.

14 ನವೆಂಬರ್, ಗುರುವಾರ

ತಿಥಿ. ಊಟಕ್ಕೆ ಜನ ಎಣಿಸಿದ್ದಕ್ಕಿಂತ ಹೆಚ್ಚೇ ಆಯಿತು, ಎರಡನೇ ಸಲ ಮುದ್ದೆ ತಿರುವಿದರು. ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬರು ಹಾಸನದ ಕಡೆಯಿಂದ ಬಂದಿದ್ದರು. ಅವರೂ ಜೋರಾಗಿಯೇ ಮಾತಾಡುತ್ತಾರೆ. ಅವರೊಬ್ಬರು "ಪಾಪ" ಅನ್ನಲಿಲ್ಲ. "ನಿಮ್ಮ ತಂದೆ ಮಡ್ ಟ್ಯಾಂಕಿನ ಮಟ್ಟ ಒಂದಿಷ್ಟು ಏರಿದ್ರೂ ಸಾಕು, ಎಲ್ಲಾರ್ನೂ ಎಬ್ಬಿಸೋರಮ್ಮ" ಅಂದರು. ಅದು ಗ್ಯಾಸ್ ನುಗ್ಗುತ್ತಿರುವ ಮೊದಲ ಗುರುತು.

ಊಟ ಮುಗಿದ ಮೇಲೆ ತಮ್ಮನ ಮಗುವನ್ನು ಎತ್ತಿಕೊಂಡು ಅಪ್ರಮೇಯಸ್ವಾಮಿ ದೇವಸ್ಥಾನದ ಕಡೆ ಹೋದೆ. ಸೂತಕ ಕಳೆಯಿತಲ್ಲ. ಅಂಬೆಗಾಲು ಕೃಷ್ಣನ ಮುಂದೆ ಹರಕೆಯ ತೊಟ್ಟಿಲುಗಳು ಎಂದಿನಂತೆ. ನನ್ನ ಬೆನ್ನಿಗೆ ಬಹಳ ವರ್ಷ ಯಾರೂ ಹುಟ್ಟಲಿಲ್ಲ ಅಂತ ಅಜ್ಜಿ ಇಲ್ಲೇ ತೊಟ್ಟಿಲು ಹರಸಿಕೊಂಡಿದ್ದು. "ತಿಂಗ್ಳಲ್ಲಿ ಅರ್ಧ ದಿನ ನನ್ನ ಸಮುದ್ರದಲ್ಲಿ ಇಟ್ಬುಟ್ಟು ಕೃಷ್ಣನ ಮೇಲೆ ಭಾರ ಹಾಕಿದ್ರೆ ಅವ್ನಾದ್ರೂ ಏನ್ ಮಾಡ್ತಾನವ್ವ" ಅಂತ ಅಪ್ಪ ನಕ್ಕಿದ್ದರಂತೆ. ತಮ್ಮ ಹುಟ್ಟಿದ ಮೇಲೆ ತೊಟ್ಟಿಲು ಕಟ್ಟಿದ್ದೂ ಅಪ್ಪನೇ.

23 ನವೆಂಬರ್, ಶನಿವಾರ

ಉಪಚುನಾವಣೆಯ ಫಲಿತಾಂಶ. ಯೋಗೇಶ್ವರ್ ಗೆದ್ದರು, ಮಧ್ಯಾಹ್ನದಿಂದ ಪಟಾಕಿ.

ತಮ್ಮ ತೋಟದಲ್ಲಿ ಒಂದು ಕಲ್ಲು ಹಾಕಿಸಬೇಕು ಅಂತಿದ್ದಾನೆ. ಒಕ್ಕಣೆ ಬರೆದು ತಂದಿದ್ದ: "ಕುಟುಂಬಕ್ಕಾಗಿ ಬಾಳನ್ನೇ ತೇದ ತ್ಯಾಗಮಯಿ." ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಕಾಗದ ಇಸಕೊಂಡು ಓದಿದರು.

"ಇದೆಲ್ಲ ಯಾರಪ್ಪ ಹೇಳಿದ್ದು ನಿಂಗೆ? ನಿಮ್ಮಪ್ಪಂಗೆ ಮನೇಲಿ ಹತ್ ದಿನ ಆಯ್ತು ಅಂದ್ರೆ ಕಾಲು ನಿಲ್ತಿರ್ಲಿಲ್ಲ. ಬ್ಯಾಗು ತೆಗ್ದು ಒಣಗಾಕೋರು. ನಂಗೂ ಅಷ್ಟೊತ್ಗೆ ಸಾಕಾಗಿರೋದು."

ತಮ್ಮ ಪೆಚ್ಚಾದ. ಹೆಸರು, ಹುಟ್ಟಿದ ವರ್ಷ, ಹೋದ ವರ್ಷ, ಡ್ರಿಲ್ಲರ್ ಅಂತ ಹಾಕಿದರೆ ಸಾಕು ಅಂದರು ಅಮ್ಮ. ಕಲ್ಲಿನವನು ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳುತ್ತಾನಂತೆ, ಆ ಉಳಿತಾಯದಲ್ಲಿ ಬೋರಿನ ಸ್ಟಾರ್ಟರ್ ರಿಪೇರಿ ಮಾಡಿಸಬೇಕಂತೆ.