ಎರಡು ನದಿ, ಹಲವು ಗಾಳ

ರಾಯಚೂರಿನಿಂದ ಗಬ್ಬೂರು ಹಾಯ್ದು ದೇವದುರ್ಗದ ಬಸ್ಸಿನಲ್ಲಿ ಹೊರಟರೆ ಕಣ್ಣಿಗೆ ಬೀಳುವುದು ಎರೆಭೂಮಿ, ಹತ್ತಿ, ತೊಗರಿ. ಇನ್ನೂ ಮುಂದೆ ತಿಂಥಣಿ ಸೇತುವೆಗೆ ಹೋದರೆ ಕೃಷ್ಣೆಯ ದರ್ಶನ. ಇತ್ತ ಮಾನ್ವಿ ಸೀಮೆಯ ರಾಜೊಳ್ಳಿಬಂಡೆಗೆ ಹೋದರೆ ತುಂಗಭದ್ರೆ. ಈ ಎರಡು ನದಿಗಳ ನಡುವಿನ ನೆಲಕ್ಕಾಗಿ ರಾಜರು ಕಾದಾಡಿದ್ದನ್ನು ಮಕ್ಕಳು ಇತಿಹಾಸದ ಪಾಠದಲ್ಲಿ ಓದುತ್ತಾರೆ. ವಿಜ್ಞಾನದ ಮಾಸ್ತರನಾದ ನನ್ನ ಕಣ್ಣು ಹೋಗುವುದು ದಂಡೆಯಲ್ಲಿ ಗಾಳ ಹಾಕಿ ಕುಳಿತವರ ಕಡೆಗೆ.

"ನೀರು ರಾಡಿ ಇದ್ದಾಗ ಎರೆಹುಳ ನಡಿತದ್ರಿ ಸರ. ತಿಳಿ ಆತಂದ್ರ ಮೀನಿಗೆ ದಾರ ಕಾಣ್ತದ, ಸಣ್ಣ ದಾರನೇ ಬೇಕು" ಎಂದರು ಮಾನ್ವಿ ಕಡೆಯ ಹಿರಿಯರೊಬ್ಬರು. ಮಾತು ಸರಿಯಾಗಿಯೇ ಇದೆ. ರಾಡಿ ನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದು. ಮೀನು ವಾಸನೆಯನ್ನೂ, ಮೈಯ ಪಕ್ಕದ ಗೆರೆಯಿಂದ ನೀರಿನ ಅಲುಗಾಟವನ್ನೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಹುಳ ಆಳಕ್ಕೆ ಇಳಿದುಬಿಡುತ್ತದೆ. ಆಗ ಹಿಟ್ಟಿನ ಉಂಡೆಯೇ ಗತಿ. ಜೋಳದ ದಂಟಿನ ಬೆಂಡು ತೇಲುತ್ತಿದ್ದ ಕಡೆ ಈಗ ಹರಿದ ಹವಾಯಿ ಚಪ್ಪಲಿಯ ತುಂಡು ತೇಲುತ್ತಿದೆ!

ಇದು ಇಂದು ನಿನ್ನೆಯ ವಿದ್ಯೆಯಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಯಾವ ಮೀನಿಗೆ ಯಾವ ಆಹಾರ ಎಂಬುದನ್ನೂ ಅದರಲ್ಲಿ ಬರೆದಿದ್ದಾನೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ನನ ಪ್ರಸಿದ್ಧ ಗಾಳದ ಪುಸ್ತಕ ಬಂದದ್ದು 1653ರಲ್ಲಿ.

ದೂರದ ಬಹಾಮಾಸ್ ದ್ವೀಪಗಳ ತೆಳು ಸಮುದ್ರದಲ್ಲೂ ಇದೇ ಕತೆ. ಅಲ್ಲಿ ಪುಕ್ಕ, ನೂಲು ಸುತ್ತಿದ ಕೃತಕ ಹುಳುವಿನ ಗಾಳಕ್ಕೆ ಮೀನು ಹಿಡಿಯುತ್ತಾರೆ. ಗಾಳ ತಳದ ಹುಲ್ಲಿಗೆ, ಹವಳಕ್ಕೆ ಸಿಕ್ಕಿಕೊಳ್ಳುವುದೇ ದೊಡ್ಡ ಕಾಟ. 1977ರಲ್ಲಿ ಬಾಬ್ ನಾಹೈಮ್ ಎಂಬಾತ ಕಟ್ಟಿದ ಗಾಳದಲ್ಲಿ ಕಡ್ಡಿಯ ಬೆನ್ನಿಗೆ ಲೋಹದ ಎರಡು ಮಣಿಗಳಿದ್ದವು. ಭಾರದ ಬೆನ್ನು ಕೆಳಗಾಗಿ ಕೊಕ್ಕೆಯ ಮೊನೆ ಮೇಲಕ್ಕೆ ತಿರುಗಿತು. ಅಲ್ಲಿನ ಮಾರ್ಗದರ್ಶಿ ಚಾರ್ಲಿ ಸ್ಮಿತ್‌ನ ಹೆಸರಿನಿಂದ ಅದು 'ಕ್ರೇಜಿ ಚಾರ್ಲಿ' ಆಯಿತು. ಆಮೇಲೆ ಕಟ್ಟಿದವರು ಪುಕ್ಕದ ಬದಲು ಕರುವಿನ ಬಾಲದ ಕೂದಲು ಹಾಕಿದರು, ಸೀಗಡಿಯ ಬಣ್ಣ ಕೊಟ್ಟರು. ಮೀನು ಕಚ್ಚಿದ್ದನ್ನು ನಾಲ್ಕು ಜನ ನಕಲು ಮಾಡುತ್ತಾರೆ; ಕಚ್ಚದ್ದನ್ನು ಯಾರೂ ಎರಡನೆಯ ಸಲ ಕಟ್ಟುವುದಿಲ್ಲ. ಡಾರ್ವಿನ್ ಹೇಳಿದ ಆಯ್ಕೆಗೆ ಇದು ತೀರ ಹತ್ತಿರ, ಆದರೆ ಇಲ್ಲಿ ಆರಿಸುವುದು ಮೀನು.

ಗಾಳ ಒಂದೊಂದೇ ಮೀನನ್ನು ಎತ್ತುತ್ತದೆ. ಸಣ್ಣ ಕಣ್ಣಿನ ನೈಲಾನ್ ಬಲೆ ಮರಿಗಳನ್ನೂ ಬಿಡುವುದಿಲ್ಲ. ಮೊಟ್ಟೆ ಇಡುವ ಮೊದಲೇ ಮರಿ ಹೋದರೆ ಮುಂದಿನ ವರ್ಷಕ್ಕೆ ಮೀನೆಲ್ಲಿ? ಆ ಹಿರಿಯರ ಮಗ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಗಂಟು ಹಾಕುವುದನ್ನು ಅವರಿಂದ ಈಗ ಕಲಿಯುತ್ತಿರುವವನು ಏಳನೆಯ ಇಯತ್ತೆಯ ಮೊಮ್ಮಗ. "ಓದು ಬಿಟ್ಟು ಇದೇನು?" ಎಂದು ತಾಯಿ ಬೈಯುತ್ತಾರೆ. ನನಗೇನೋ ಅದೂ ಓದೇ ಅನ್ನಿಸುತ್ತದೆ.

ಕೃಷ್ಣೆಯಲ್ಲಿ ಮೊಸಳೆಗಳಿವೆ, ಮಕ್ಕಳು ಒಂಟಿಯಾಗಿ ದಂಡೆಗೆ ಇಳಿಯಬಾರದು. ಮನೆಯ ಬಕೆಟ್ಟೇ ಸಾಕು. ತಂತಿಯನ್ನು ಕೊಕ್ಕೆಯಂತೆ ಬಾಗಿಸಿ, ಬೆನ್ನಿಗೆ ಎರಡು ಲೋಹದ ಮಣಿ ಬಿಗಿದು, ದಾರ ಕಟ್ಟಿ ತಳದಲ್ಲಿ ಎಳೆಯಿರಿ. ಮೊನೆ ಯಾವ ಕಡೆಗಿದೆ ನೋಡಿ. ಮಣಿ ಬಿಚ್ಚಿ ಇನ್ನೊಮ್ಮೆ ಎಳೆಯಿರಿ.